ಮತ್ತೆ ಗ್ಯಾಸ್ ತುಂಬಿಸುವ ಮುನ್ನ ಗಾಳಿಯ ದಾರಿ ನೋಡಿ

ಪ್ರಶ್ನೆ: ಮೂರು ತಿಂಗಳ ಹಿಂದೆ ನಮ್ಮ ಅಂಗಡಿಗೆ ಸಾಮಾನನ್ನು ತಣ್ಣಗಿಡುವ ಎರಡು ಡಿಸ್‌ಪ್ಲೇ ಕೇಸ್‌ಗಳನ್ನು ತಂದೆವು. ಒಂದು ಮುಂಭಾಗ ಪೂರ್ತಿ ತೆರೆದಿರುವ ಐದು ಶೆಲ್ಫ್‌ಗಳ ಕೇಸ್, ಇನ್ನೊಂದು ಗಾಜಿನ ಬಾಗಿಲಿನದು. ಎರಡೂ ಪ್ಲಗ್ ಹಾಕಿದರೆ ನಡೆಯುವಂಥವು. ತೆರೆದ ಕೇಸಿನ ಮೇಲಿನ ಎರಡು ಶೆಲ್ಫ್‌ಗಳಲ್ಲಿ ಹಾಲು, ಮೊಸರಿನ ಪೊಟ್ಟಣಗಳು ಸಾಕಷ್ಟು ತಣ್ಣಗಿರುವುದಿಲ್ಲ. ಸಂಜೆಯ ಹೊತ್ತಿಗೆ ಅದರ ಅಡಿಯಿಂದ ನೆಲಕ್ಕೆ ನೀರು ಬರುತ್ತದೆ. ಇನ್ನೊಂದು ಕೇಸಿನ ಗಾಜಿನ ಮೇಲೆ ಮಬ್ಬು ಕಟ್ಟುತ್ತದೆ. ಮೆಕ್ಯಾನಿಕ್ ತೆರೆದ ಕೇಸಿಗೆ ಎರಡು ಬಾರಿ ಗ್ಯಾಸ್ ತುಂಬಿಸಿದರು. ಪ್ರತಿ ಸಲವೂ ಎರಡು ದಿನ ಸರಿಯಿದ್ದು ಮತ್ತೆ ಹಳೆಯ ಸ್ಥಿತಿಗೇ ಬಂತು. ದೋಷ ಯಂತ್ರದ್ದೋ, ಅದನ್ನು ಕೂರಿಸಿದ ರೀತಿಯದ್ದೋ? ಮುಂದೆ ನಿರ್ವಹಣೆಯನ್ನು ಹೇಗೆ ಮಾಡಿಕೊಳ್ಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ‘ಎರಡು ದಿನ ಸರಿಯಿತ್ತು’ ಎಂಬ ಮಾತು. ಗ್ಯಾಸ್ ತುಂಬಿಸಲು ಬಂದವರು ಕೇಸನ್ನು ನಿಲ್ಲಿಸಿ, ಸಾಮಾನನ್ನು ಹೊರಗಿಡಿಸಿ, ಎರಡು ಮೂರು ಗಂಟೆಯಾದರೂ ಕೆಲಸ ಮಾಡಿರುತ್ತಾರೆ. ಆ ಹೊತ್ತಿನಲ್ಲಿ ಒಳಗಿನ ಕಾಯಿಲ್, ಅಂದರೆ ಗಾಳಿಯನ್ನು ತಣಿಸುವ ಕೊಳವೆ ಸುರುಳಿಯ ಮೇಲೆ ಗಟ್ಟಿಯಾಗಿ ಕೂತಿದ್ದ ಮಂಜುಗಡ್ಡೆ ತಾನಾಗಿಯೇ ಕರಗುತ್ತದೆ. ಮತ್ತೆ ಚಾಲೂ ಮಾಡಿದಾಗ ಕೇಸು ಹೊಸದರಂತೆ ತಂಪು ಕೊಡುತ್ತದೆ, ಅದರ ಹೆಸರು ಗ್ಯಾಸಿಗೆ ಬರುತ್ತದೆ. ಎರಡು ದಿನಗಳಲ್ಲಿ ಮಂಜುಗಡ್ಡೆ ಪುನಃ ಬೆಳೆದು ಗಾಳಿಯ ದಾರಿಯನ್ನು ಮುಚ್ಚಿದ ಮೇಲೆ ಕಥೆ ಮೊದಲಿಗೆ ಮರಳುತ್ತದೆ. ನೋಡದೆ ಹೇಳುತ್ತಿದ್ದೇನೆ ಎಂಬುದು ನಿಜವಾದರೂ, ನೀವು ಬರೆದ ಲಕ್ಷಣಗಳೆಲ್ಲ ಇದನ್ನೇ ಸೂಚಿಸುತ್ತವೆ.

ಗ್ಯಾಸಿನ ವಿಷಯವನ್ನು ಮೊದಲು ಮುಗಿಸಿಬಿಡೋಣ. ಶೀತಕ ಅನಿಲವು ಉರಿದು ಖರ್ಚಾಗುವ ಇಂಧನವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಅನಿಲ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ, ಮತ್ತು ಆ ಜಾಗವನ್ನು ಹುಡುಕಿ ಮುಚ್ಚದೆ ಮತ್ತಷ್ಟು ತುಂಬಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಇದಲ್ಲದೆ ಪ್ಲಗ್ ಹಾಕಿ ನಡೆಸುವ ಕೇಸ್‌ಗಳಲ್ಲಿ ಬಹುಪಾಲು ಅನಿಲದ ಹರಿವನ್ನು ತೀರ ಸಪೂರವಾದ ಕ್ಯಾಪಿಲ್ಲರಿ ಕೊಳವೆಯಿಂದ ನಿಯಂತ್ರಿಸುವಂಥವು. ಅವುಗಳಿಗೆ ಬೇಕಾದ ಅನಿಲವನ್ನು ಗ್ರಾಮುಗಳಲ್ಲಿ ತೂಗಿ ತುಂಬಿಸಬೇಕು, ಒತ್ತಡದ ಗೇಜ್ ನೋಡಿ ಅಂದಾಜಿನಲ್ಲಲ್ಲ. ಕೇಸಿನ ನಾಮಫಲಕದಲ್ಲಿ ಅನಿಲದ ಹೆಸರೂ ತೂಕವೂ ಅಚ್ಚಾಗಿರುತ್ತವೆ. ಅಲ್ಲಿ ಆರ್-290 ಎಂದಿದ್ದರೆ ಅದು ಪ್ರೊಪೇನ್, ಅಂದರೆ ಬೆಂಕಿ ಹಿಡಿಯುವ ಅನಿಲ. ಇಂಥ ಯಂತ್ರಗಳಲ್ಲಿ ಅನಿಲ ಸುತ್ತುವ ಒಂದು ಕೊಳವೆ ಜಾಲಕ್ಕೆ 150 ಗ್ರಾಂ ಎಂಬುದು ಬಹುಕಾಲ ಇದ್ದ ಮಿತಿ. ಅಷ್ಟು ಕಡಿಮೆ ಪ್ರಮಾಣದಲ್ಲಿ ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚು ಕಡಿಮೆಯಾದರೂ ಯಂತ್ರದ ನಡತೆ ಬದಲಾಗುತ್ತದೆ. ಆದ್ದರಿಂದ ನಿಮ್ಮ ಮೆಕ್ಯಾನಿಕ್‌ರನ್ನು ವಿನಯದಿಂದಲೇ ಎರಡು ಪ್ರಶ್ನೆ ಕೇಳಿ: ಸೋರಿಕೆ ಎಲ್ಲಿತ್ತು, ಎಷ್ಟು ಗ್ರಾಂ ತುಂಬಿಸಿದಿರಿ? ಎರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ಈಗ ಒಳಗೆ ಅನಿಲ ಹೆಚ್ಚಾಗಿರುವ ಸಾಧ್ಯತೆಯೇ ದೊಡ್ಡದು. ಆಗ ಎಲ್ಲವನ್ನೂ ಹೊರತೆಗೆಸಿ, ವ್ಯಾಕ್ಯೂಮ್ ಪಂಪಿನಿಂದ ಕೊಳವೆಗಳನ್ನು ಪೂರ್ತಿ ಖಾಲಿ ಮಾಡಿಸಿ, ನಾಮಫಲಕದ ತೂಕಕ್ಕೆ ಸರಿಯಾಗಿ ತುಂಬಿಸದೆ ಬೇರೆ ದಾರಿಯಿಲ್ಲ. ಆದರೆ ಆ ಕೆಲಸ ಕೊನೆಗಿರಲಿ.

ಇನ್ನೊಂದು ಸುಳಿವೂ ಇದೆ. ಅನಿಲ ನಿಜವಾಗಿ ಕಡಿಮೆಯಾದ ಕೇಸು ಸಾಮಾನ್ಯವಾಗಿ ಎಲ್ಲ ಶೆಲ್ಫ್‌ಗಳಲ್ಲೂ ಸೋಲುತ್ತದೆ. ಕಾಯಿಲ್‌ನ ಆರಂಭದ ಒಂದೆರಡು ಸುತ್ತುಗಳಲ್ಲಿ ಮಾತ್ರ ಹಿಮ ಕಂಡು ಉಳಿದ ಭಾಗ ಬರಿದಾಗಿ ಉಳಿಯುತ್ತದೆ. ನಿಮ್ಮಲ್ಲಿ ಮೇಲಿನ ಎರಡು ಶೆಲ್ಫ್‌ಗಳು ಮಾತ್ರ ಸೋಲುತ್ತಿವೆ. ತೆರೆದ ಕೇಸಿನಲ್ಲಿ ಅಡಿಯಲ್ಲಿರುವ ಫ್ಯಾನುಗಳು ಗಾಳಿಯನ್ನು ಕಾಯಿಲ್ ಮೂಲಕ ತಳ್ಳಿ, ಬೆನ್ನಿನ ಹಿಂದಿನ ಟೊಳ್ಳಿನಲ್ಲಿ ಮೇಲಕ್ಕೆ ಕಳುಹಿಸುತ್ತವೆ. ಹಿಂಬದಿಯ ತಗಡಿನ ರಂಧ್ರಗಳಿಂದ ಸ್ವಲ್ಪ ಗಾಳಿ ಪ್ರತಿ ಶೆಲ್ಫಿಗೂ ಹಂಚಿಹೋಗಿ, ಮಿಕ್ಕದ್ದು ನೆತ್ತಿಯ ಮೇಲಿನ ಜೇನುಗೂಡಿನಂಥ ಜಾಲರಿಯಿಂದ ಪರದೆಯಾಗಿ ಇಳಿದು, ಮುಂಭಾಗದ ಅಡಿಯ ಜಾಲರಿಯೊಳಗೆ ಮತ್ತೆ ಸೇರುತ್ತದೆ. ಗಾಳಿಯ ಒತ್ತಡ ಕುಗ್ಗಿದಾಗ ಕೆಳಗಿನ ರಂಧ್ರಗಳೇ ಇದ್ದಷ್ಟನ್ನು ನುಂಗಿಬಿಡುತ್ತವೆ, ಮೇಲಿನ ಶೆಲ್ಫ್‌ಗಳಿಗೆ ತಲುಪುವುದೇ ಇಲ್ಲ. ಹಾಗಾಗಿ ಮೇಲ್ಭಾಗ ಮಾತ್ರ ಬೆಚ್ಚಗಿದ್ದರೆ ನಾನು ಮೊದಲು ಸಂಶಯಪಡುವುದು ಗಾಳಿಯನ್ನು: ಮಂಜುಗಡ್ಡೆ ಕಟ್ಟಿದ ಕಾಯಿಲ್, ನಿಂತುಹೋದ ಒಂದು ಫ್ಯಾನು, ಧೂಳು ತುಂಬಿದ ಜಾಲರಿ. ಫ್ಯಾನನ್ನು ಎಂದಾದರೂ ಬದಲಿಸಿದ್ದರೆ ಅದರ ರೆಕ್ಕೆ ತಿರುಗುಮುರುಗಾಗಿ ಕೂತಿದೆಯೇ ಎಂದೂ ನೋಡಬೇಕು. ತಿರುಗುತ್ತಿದೆ ಎಂದ ಮಾತ್ರಕ್ಕೆ ಗಾಳಿ ಸರಿಯಾದ ಕಡೆಗೆ ಹೋಗುತ್ತಿದೆ ಎನ್ನಲಾಗದು.

ಇಷ್ಟು ಬೇಗ ಮಂಜುಗಡ್ಡೆ ಏಕೆ ಕಟ್ಟುತ್ತದೆ? ಅಂಗಡಿಯ ಗಾಳಿಯ ತೇವಾಂಶ ಒಳಗೆ ಹೋಗುವುದರಿಂದ. ತೆರೆದ ಕೇಸಿಗೆ ಬಾಗಿಲಿಲ್ಲ, ಆ ಗಾಳಿಪರದೆಯೇ ಬಾಗಿಲು. ಪರದೆ ಎಷ್ಟೇ ಚೆನ್ನಾಗಿದ್ದರೂ ಹೊರಗಿನ ಗಾಳಿ ಬೆರೆಯುತ್ತಲೇ ಇರುತ್ತದೆ. ಇಂಥ ಕೇಸು ಹೊರುವ ಒಟ್ಟು ಶಾಖದ ಹೊರೆಯಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ನುಗ್ಗುವ ಗಾಳಿಯಿಂದಲೇ ಬರುತ್ತದೆ. ಪರದೆ ಕದಡಿದರೆ ಈ ಪಾಲು ಇನ್ನೂ ಏರುತ್ತದೆ, ಜೊತೆಗೆ ಬಂದ ತೇವ ಕಾಯಿಲ್ ಮೇಲೆ ಹೆಪ್ಪುಗಟ್ಟುತ್ತದೆ. ಡಿಸ್‌ಪ್ಲೇ ಕೇಸ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 23953ರಲ್ಲಿ ಕೇಸನ್ನು ಪರೀಕ್ಷಿಸುವ ಕೋಣೆಯ ಸ್ಥಿತಿಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಬಹಳ ಕೇಸ್‌ಗಳು ಹೊಂದಿರುವ 3ನೇ ವರ್ಗ ಎಂದರೆ 25 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 60 ಸಾಪೇಕ್ಷ ಆರ್ದ್ರತೆ. 4ನೇ ವರ್ಗ ಎಂದರೆ 30 ಡಿಗ್ರಿ ಮತ್ತು ಶೇ 55. ಪರೀಕ್ಷೆಯ ವೇಳೆ ಕೇಸಿನ ಮುಂದೆ ಅಡ್ಡವಾಗಿ ಹಾಯುವ ಗಾಳಿಯ ವೇಗ ಸೆಕೆಂಡಿಗೆ 0.2 ಮೀಟರಿನ ಆಸುಪಾಸಿನಲ್ಲಿರುತ್ತದೆ, ಅಂದರೆ ಚರ್ಮಕ್ಕೆ ತಾಕಿದ್ದೂ ತಿಳಿಯದಷ್ಟು. 3ನೇ ವರ್ಗದ ಕೇಸನ್ನು 32 ಡಿಗ್ರಿಯ ಅಂಗಡಿಯಲ್ಲಿ, ಬೀಸುವ ಫ್ಯಾನಿನ ಕೆಳಗೆ ಕೂರಿಸಿ ತಂಪು ಸಾಲದು ಎಂದರೆ ತಪ್ಪು ಯಂತ್ರದ್ದಲ್ಲ. ನಿಮ್ಮ ನಾಮಫಲಕದಲ್ಲಿ ಯಾವ ವರ್ಗವಿದೆ ಎಂದು ನೋಡಿ, ಮಧ್ಯಾಹ್ನದ ಹೊತ್ತಿನಲ್ಲಿ ಕೇಸಿನಿಂದ ಒಂದು ಮೀಟರ್ ದೂರದಲ್ಲಿ ಅಂಗಡಿಯ ಉಷ್ಣತೆ, ಆರ್ದ್ರತೆ ಎರಡನ್ನೂ ಅಳೆದುಕೊಳ್ಳಿ.

ಪರದೆಯನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. ಒಂದು ತೆಳುವಾದ ಟಿಶ್ಯೂ ಕಾಗದವನ್ನು ಬೆರಳಗಲಕ್ಕೆ, ಗೇಣುದ್ದಕ್ಕೆ ಹರಿದುಕೊಂಡು, ಮೇಲಿನ ಜಾಲರಿಯ ಕೆಳಗೆ ಹಿಡಿಯಿರಿ. ಅದು ನೇರವಾಗಿ ಕೆಳಮುಖವಾಗಿ ನಿಲ್ಲಬೇಕು. ಹಾಗೆಯೇ ಕೈಯನ್ನು ನಿಧಾನವಾಗಿ ಇಳಿಸುತ್ತಾ ಅಡಿಯ ಜಾಲರಿಯ ತನಕ ತನ್ನಿ. ಕೊನೆಯಲ್ಲಿ ಕಾಗದದ ತುದಿ ಒಳಕ್ಕೆ ಬಾಗಬೇಕು. ಇದನ್ನು ಕೇಸಿನ ಎಡ, ನಡು, ಬಲ ಮೂರೂ ಕಡೆ ಮಾಡಿ. ಎಲ್ಲಿ ಕಾಗದ ನಿಮ್ಮ ಕಡೆಗೆ ಹಾರುತ್ತದೋ ಅಲ್ಲಿ ತಣ್ಣನೆಯ ಗಾಳಿ ಅಂಗಡಿಗೆ ಸುರಿಯುತ್ತಿದೆ. ಎಲ್ಲಿ ಅಲುಗದೆ ಜೋತುಬೀಳುತ್ತದೋ ಅಲ್ಲಿ ಪರದೆಯೇ ಇಲ್ಲ. ಹಿಂದೊಮ್ಮೆ ನಾನು ಹೋಗಿದ್ದ ಅಂಗಡಿಯೊಂದರಲ್ಲಿ ಕೇಸಿನ ಬಲಗಡೆಯ ಮೂರನೇ ಒಂದು ಭಾಗದಲ್ಲಿ ಕಾಗದ ಪಟಪಟನೆ ಹೊರಕ್ಕೆ ಬಡಿದುಕೊಳ್ಳುತ್ತಿತ್ತು. ತಲೆಯೆತ್ತಿ ನೋಡಿದರೆ ಚಾವಣಿಯ ಏಸಿ ಬಾಯಿ ನೇರವಾಗಿ ಅಲ್ಲಿಗೇ ತಿರುಗಿತ್ತು. ಅದರ ಪಟ್ಟಿಗಳನ್ನು ಬೇರೆ ದಿಕ್ಕಿಗೆ ತಿರುಗಿಸಿದ್ದಷ್ಟೇ ಅಲ್ಲಿ ನಡೆದ ರಿಪೇರಿ. ಅದಕ್ಕೂ ಮೊದಲು ಆ ಕೇಸಿನ ಕಂಪ್ರೆಸರನ್ನೇ ಬದಲಿಸಿದ್ದರು. ಅಂಗಡಿಯ ಮುಂಬಾಗಿಲು, ಚಾವಣಿಯ ಫ್ಯಾನು, ಏಸಿ, ಬಿಸಿಲು ಬೀಳುವ ಕಿಟಕಿ, ಈ ನಾಲ್ಕರ ನೇರಕ್ಕೂ ತೆರೆದ ಕೇಸು ಇರಕೂಡದು.

ಸಾಮಾನು ಜೋಡಿಸುವವರ ಕೈಯಲ್ಲೂ ಪರದೆ ಹರಿಯುತ್ತದೆ. ಕೇಸಿನ ಒಳಗೋಡೆಯ ಮೇಲೆ ತುಂಬುವ ಮಿತಿಯನ್ನು ತೋರಿಸುವ ಗೆರೆಯೊಂದು ಇರುತ್ತದೆ. ಪೊಟ್ಟಣದ ಮೂಗು ಅದನ್ನು ದಾಟಿ ಹೊರಬಂದರೆ ಪರದೆ ಅಲ್ಲಿ ಸೀಳುತ್ತದೆ. ಅಡಿಯ ಜಾಲರಿಯ ಮೇಲೆ ರಿಯಾಯಿತಿಯ ಫಲಕವನ್ನು ಒರಗಿಸಿಡುವುದು, ಶೆಲ್ಫಿನ ಹಿಂಬದಿಯ ರಂಧ್ರಗಳಿಗೆ ಡಬ್ಬಗಳನ್ನು ಒತ್ತಿ ನಿಲ್ಲಿಸುವುದು ಇವೆರಡೂ ದಿನವೂ ಕಾಣುವ ತಪ್ಪುಗಳು. ಅಡಿಯ ಜಾಲರಿಯನ್ನು ಒಮ್ಮೆ ಎತ್ತಿ, ಮಂಡಿಯೂರಿ, ಟಾರ್ಚ್ ಹಾಕಿ ನೋಡಿ. ಬೆಲೆಚೀಟಿಗಳು, ಪ್ಲಾಸ್ಟಿಕ್ ಚೀಲದ ತುಂಡು, ಒಡೆದ ಪೊಟ್ಟಣದಿಂದ ಸೋರಿ ಒಣಗಿದ ಹಾಲಿನ ಪದರ, ಇವುಗಳಲ್ಲಿ ಒಂದಾದರೂ ಸಿಗದಿದ್ದರೆ ನನಗೆ ಆಶ್ಚರ್ಯ. ಇನ್ನೊಂದು ಮಾತನ್ನು ಮಾರುವವರು ಹೇಳುವುದೇ ಇಲ್ಲ: ಡಿಸ್‌ಪ್ಲೇ ಕೇಸು ತಣ್ಣಗಿರುವುದನ್ನು ತಣ್ಣಗೇ ಇಡುವ ಯಂತ್ರ, ಬೆಚ್ಚಗಿರುವುದನ್ನು ತಣಿಸುವ ಯಂತ್ರವಲ್ಲ. ಗಾಡಿಯಿಂದಿಳಿದು ಒಂದು ಗಂಟೆ ಹೊರಗೆ ಕೂತ ಹಾಲನ್ನು ನೇರವಾಗಿ ಮೇಲಿನ ಶೆಲ್ಫಿಗೆ ತುಂಬಿದರೆ ಅದು ಸಂಜೆಯವರೆಗೂ ತಣ್ಣಗಾಗದೆ ಉಳಿಯಬಹುದು, ಪಕ್ಕದವನ್ನೂ ಬೆಚ್ಚಗಾಗಿಸಬಹುದು.

ಇನ್ನು ನೆಲದ ನೀರು. ನಿಮ್ಮ ಕೇಸು ಪ್ಲಗ್ಗಿನದಾದ್ದರಿಂದ ಕರಗಿದ ನೀರು ಡ್ರೈನ್ ಪೈಪಿನ ಮೂಲಕ ಅಡಿಯಲ್ಲಿರುವ ತಟ್ಟೆಗೆ ಇಳಿದು, ಬಿಸಿ ಕೊಳವೆ ಅಥವಾ ಸಣ್ಣ ಹೀಟರಿನ ಶಾಖಕ್ಕೆ ಆವಿಯಾಗುವ ವ್ಯವಸ್ಥೆ ಇರಬೇಕು. ಅಂಗಡಿಯ ತೇವಾಂಶ ಮಿತಿಮೀರಿದರೆ ತಟ್ಟೆ ಆವಿ ಮಾಡುವುದಕ್ಕಿಂತ ಹೆಚ್ಚು ನೀರು ಸೇರುತ್ತಾ ಹೋಗಿ ಸಂಜೆಗೆ ತುಂಬಿ ಹರಿಯುತ್ತದೆ. ನೀವು ಸಂಜೆ ಎಂದು ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಅದಕ್ಕೂ ಮೊದಲು ಕೇಸು ಸಮತಟ್ಟಾಗಿ ಕೂತಿದೆಯೇ ಎಂದು ರಸಮಟ್ಟ ಇಟ್ಟು ನೋಡಿ, ಉದ್ದಕ್ಕೂ ಅಡ್ಡಕ್ಕೂ. ಡ್ರೈನ್ ರಂಧ್ರದ ವಿರುದ್ಧ ದಿಕ್ಕಿಗೆ ಸ್ವಲ್ಪ ವಾಲಿದರೂ ನೀರು ಒಳತಳದಲ್ಲೇ ನಿಂತು, ಕೆಲವು ಕಡೆ ಹೆಪ್ಪುಗಟ್ಟಿ, ಅಂಚಿನಿಂದ ಹೊರಬರುತ್ತದೆ. ಹೊಸ ನೆಲದ ಮೇಲೆ ತುಂಬಿದ ಕೇಸಿನ ಭಾರಕ್ಕೆ ಒಂದು ಕಾಲು ಕುಸಿಯುವುದೂ ಉಂಟು, ಆದ್ದರಿಂದ ಕೂರಿಸಿದ ದಿನ ಸರಿಯಿತ್ತು ಎಂಬುದು ಸಾಕ್ಷಿಯಲ್ಲ. ಬಳಿಕ ಒಂದು ಲೋಟ ಬೆಚ್ಚನೆಯ ನೀರನ್ನು ಡ್ರೈನ್ ಬಾಯಿಗೆ ಹೊಯ್ದು ತಟ್ಟೆಗೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಗಮನಿಸಿ. ತಡವಾದರೆ ಪೈಪಿನಲ್ಲಿ ಲೋಳೆ ಕಟ್ಟಿದೆ. ಮುಂದೆ ಪೈಪನ್ನು ಹೊರಗಿನ ಚರಂಡಿಗೆ ಒಯ್ಯುವ ಯೋಚನೆಯಿದ್ದರೆ, ಪೈಪಿನಲ್ಲಿ ನೀರು ನಿಲ್ಲುವ ಬಾಗು ಇರಲಿ, ತುದಿ ಚರಂಡಿಯ ಬಾಯಿಗಿಂತ ಮೇಲೆ ತೆರಪು ಬಿಟ್ಟು ನಿಲ್ಲಲಿ. ನೇರವಾಗಿ ಜೋಡಿಸಿದರೆ ಚರಂಡಿ ಕಟ್ಟಿದ ದಿನ ಕೊಳಕು ನೀರು ಆಹಾರವಿರುವ ಕೇಸಿನೊಳಗೇ ಏರಿ ಬರುತ್ತದೆ.

ಡಿಫ್ರಾಸ್ಟ್, ಅಂದರೆ ಕಾಯಿಲ್ ಮೇಲಿನ ಹಿಮ ಕರಗಿಸುವ ವಿರಾಮದ ಸಮಯವನ್ನೂ ಪರಿಶೀಲಿಸಬೇಕು. ಹಾಲು, ಮೊಸರಿನಂಥವುಗಳ ತಾಪದಲ್ಲಿ ನಡೆಯುವ ಕೇಸ್‌ಗಳಲ್ಲಿ ಸಾಮಾನ್ಯವಾಗಿ ಹೀಟರ್ ಇರುವುದಿಲ್ಲ. ಕಂಪ್ರೆಸರ್ ನಿಂತು ಫ್ಯಾನು ಮಾತ್ರ ತಿರುಗಿ ಕೇಸಿನ ಗಾಳಿಯೇ ಹಿಮವನ್ನು ಕರಗಿಸುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ, ಪ್ರತಿ ಬಾರಿ 30ರಿಂದ 45 ನಿಮಿಷ ಎಂಬುದು ಸಾಮಾನ್ಯ ಹೊಂದಿಕೆ. ತಂಪು ಸಾಲುತ್ತಿಲ್ಲವೆಂದು ಯಾರಾದರೂ ಥರ್ಮೋಸ್ಟಾಟನ್ನು ತೀರ ಕೆಳಕ್ಕಿಳಿಸಿ ಡಿಫ್ರಾಸ್ಟನ್ನೂ ಕಡಿಮೆ ಮಾಡಿದ್ದರೆ ಅವರು ಮಂಜುಗಡ್ಡೆಗೆ ನೀರೆರೆದು ಬೆಳೆಸಿದಂತಾಗಿದೆ. ತಯಾರಕರ ಕೈಪಿಡಿಯ ಸಂಖ್ಯೆಗಳಿಗೆ ಮರಳಿಸಿ. ಡಿಫ್ರಾಸ್ಟ್ ಮುಗಿದ ಕೂಡಲೇ ಜಾಲರಿಯ ಸಂದಿಯಿಂದ ಕಾಯಿಲ್ ನೋಡಿ. ಅದರ ತೆಳು ತಗಡಿನ ರೆಕ್ಕೆಗಳ ನಡುವೆ ಬಿಳಿ ಹಿಮ ಉಳಿದಿದ್ದರೆ ಸಮಯ ಸಾಲದು ಎಂದೇ ತಿಳಿಯಬೇಕು.

ಯಂತ್ರದ ಬಿಸಿ ಹೊರಹಾಕುವ ಕಂಡೆನ್ಸರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಮರೆಯುವಂತಿಲ್ಲ. ಕೈಪಿಡಿ ಹೇಳಿದಷ್ಟು ತೆರಪನ್ನು ಹಿಂದೆ, ಪಕ್ಕಗಳಲ್ಲಿ ಬಿಡಿ, ಎರಡು ಕೇಸ್‌ಗಳಲ್ಲಿ ಒಂದು ಉಗುಳಿದ ಬಿಸಿಗಾಳಿಯನ್ನು ಇನ್ನೊಂದು ಹೀರುವಂತೆ ಇಡಬೇಡಿ. ಅನಿಲ ದ್ರವವಾಗುವ ತಾಪ ಒಂದು ಡಿಗ್ರಿ ಏರಿದರೆ ವಿದ್ಯುತ್ ಬಳಕೆ ಸುಮಾರು ಶೇ 2ರಿಂದ 3ರಷ್ಟು ಏರುತ್ತದೆ. ಧೂಳಿನ ಕಂಬಳಿ ಹೊದ್ದ ಕಂಡೆನ್ಸರ್ ಇಂಥ ಹಲವು ಡಿಗ್ರಿಗಳನ್ನು ಸದ್ದಿಲ್ಲದೆ ಏರಿಸಿರುತ್ತದೆ. ಪ್ರತಿ ಕೇಸಿಗೂ ಅರ್ಥಿಂಗ್ ಇರುವ ಪ್ರತ್ಯೇಕ ಲೈನ್ ಇರಲಿ, ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಕನಿಷ್ಠ ಮೂರು ನಿಮಿಷ ಕಾದು ಶುರುವಾಗುವ ಏರ್ಪಾಡು ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಗಾಜಿನ ಬಾಗಿಲಿನ ಕೇಸಿನ ಮಬ್ಬು ಎಲ್ಲಿ ಕಟ್ಟುತ್ತದೆ ಎಂದು ನೀವು ಬರೆದಿಲ್ಲ, ಅದರ ಮೇಲೆ ಉತ್ತರ ನಿಂತಿದೆ. ಹೊರಮೈಯಲ್ಲಿದ್ದರೆ ಅಂಗಡಿಯ ಆರ್ದ್ರತೆ ಹೆಚ್ಚು ಅಥವಾ ಗಾಜಿನ ಹೀಟರ್ ಕೆಲಸ ಮಾಡುತ್ತಿಲ್ಲ. ಒಳಮೈಯಲ್ಲಿದ್ದು ಬಾಗಿಲು ಮುಚ್ಚಿ ಬಹಳ ಹೊತ್ತಾದರೂ ಆರದಿದ್ದರೆ ಬಾಗಿಲಂಚಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್ ಸೋರುತ್ತಿದೆ. ಎರಡು ಗಾಜುಗಳ ನಡುವೆ ಇದ್ದರೆ ಒರೆಸಿ ಫಲವಿಲ್ಲ, ಬಾಗಿಲನ್ನೇ ಬದಲಿಸಬೇಕು, ಮೂರು ತಿಂಗಳಷ್ಟೇ ಆಗಿರುವುದರಿಂದ ಅದನ್ನು ಮಾರಾಟಗಾರರಿಂದಲೇ ಕೇಳಿ ಪಡೆಯಿರಿ. ಗ್ಯಾಸ್ಕೆಟ್ ಪರೀಕ್ಷೆಗೆ ಕಾಗದದ ಪಟ್ಟಿಯೊಂದನ್ನು ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿ ಸಿಗದೆ ಜಾರಿಬಂದ ಕಡೆ ಗುರುತು ಹಾಕಿ. ಮೂಲೆಗಳನ್ನು ಬಿಡಬೇಡಿ.

ತಂಪು ಸಾಕೇ ಎಂಬುದನ್ನು ಕೇಸಿನ ನೆತ್ತಿಯ ಅಂಕಿಯಿಂದ ತೀರ್ಮಾನಿಸಬೇಡಿ. ಅದು ಗಾಳಿಯ ತಾಪ, ಅದೂ ಸೆನ್ಸರ್ ಇರುವ ಒಂದು ಮೂಲೆಯದು. ಒಂದು ಸಣ್ಣ ನೀರಿನ ಬಾಟಲಿಯನ್ನು ಸಂದೇಹವಿರುವ ಶೆಲ್ಫಿನ ಮುಂಚೂಣಿಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಮತ್ತು ಜನ ಹೆಚ್ಚಿರುವ ಹೊತ್ತಿನಲ್ಲಿ ಅದರ ನೀರಿನ ತಾಪ ಅಳೆಯಿರಿ. ಥರ್ಮಾಮೀಟರು ನಿಜ ಹೇಳುತ್ತದೆಯೇ ಎಂದು ತಿಳಿಯಲು ಪುಡಿ ಐಸು ಬೆರೆಸಿದ ನೀರಿನಲ್ಲಿ ಅದ್ದಿದರೆ 0 ಡಿಗ್ರಿ ತೋರಿಸಬೇಕು. ಐಎಸ್‌ಒ ಮಾನದಂಡದಲ್ಲಿ ಪೊಟ್ಟಣಗಳ ತಾಪಕ್ಕೆ ಬೇರೆಯೇ ವರ್ಗಗಳಿವೆ; ಅವುಗಳಲ್ಲಿ ಎಂ1 ವರ್ಗದ ಕೇಸಿನಲ್ಲಿ ಅತಿ ಬೆಚ್ಚನೆಯ ಪೊಟ್ಟಣವೂ 5 ಡಿಗ್ರಿಯನ್ನು ಮೀರಕೂಡದು, ಅತಿ ತಣ್ಣನೆಯದು ಮೈನಸ್ 1ಕ್ಕಿಂತ ಕೆಳಗಿಳಿಯಕೂಡದು. ನಿಮ್ಮ ಬಾಟಲಿ 8 ಅಥವಾ 9 ತೋರಿಸಿದರೆ ದುರಸ್ತಿಯಾಗುವ ತನಕ ಆ ಎರಡು ಶೆಲ್ಫ್‌ಗಳಲ್ಲಿ ಹಾಲು ಇಡಬೇಡಿ.

ನಿರ್ವಹಣೆಗೆ ದಪ್ಪ ರಿಜಿಸ್ಟರ್ ಬೇಡ, ಕೇಸಿನ ಪಕ್ಕ ನೇತುಹಾಕಿದ ಒಂದು ಹಾಳೆ ಸಾಕು. ದಿನಕ್ಕೆರಡು ಬಾರಿ ಬಾಟಲಿಯ ತಾಪ ಬರೆಯುವುದು, ಸಾಮಾನು ಗೆರೆ ದಾಟಿಲ್ಲವೆಂದು ನೋಡುವುದು, ಅಂಗಡಿ ಮುಚ್ಚುವಾಗ ತೆರೆದ ಮುಂಭಾಗಕ್ಕೆ ರಾತ್ರಿಪರದೆ ಎಳೆಯುವುದು ಇವು ನಿತ್ಯದ ಕೆಲಸ. ಈ ಪರದೆ ಕೇಸಿನ ಜೊತೆಗೆ ಬಂದಿರದಿದ್ದರೆ ಹಾಕಿಸಿ, ಅದರಷ್ಟು ಬೇಗ ವಿದ್ಯುತ್ ಉಳಿಸುವ ಖರ್ಚು ಮತ್ತೊಂದಿಲ್ಲ. ವಾರಕ್ಕೊಮ್ಮೆ ಶೆಲ್ಫ್‌ಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಸೌಮ್ಯ ಸಾಬೂನು ನೀರಿನಿಂದ ಒರೆಸಿ. ಬ್ಲೀಚ್ ಮತ್ತು ಆಮ್ಲದ ದ್ರಾವಣಗಳು ಕಾಯಿಲ್‌ನ ತಾಮ್ರ, ಅಲ್ಯೂಮಿನಿಯಂಗಳನ್ನು ಕೊರೆಯುತ್ತವೆ. ವಿನೆಗರ್ ಹಾಕಿದ ತಿನಿಸುಗಳನ್ನು ಮುಚ್ಚಳವಿಲ್ಲದೆ ಇಟ್ಟರೂ ಅದರ ಆವಿ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ, ನಿಜವಾದ ಗ್ಯಾಸ್ ಸೋರಿಕೆಗಳು ಕೆಲವೊಮ್ಮೆ ಹೀಗೇ ಹುಟ್ಟುತ್ತವೆ. ತಿಂಗಳಿಗೊಮ್ಮೆ ಕರೆಂಟ್ ತೆಗೆದು ಕಂಡೆನ್ಸರಿನ ಧೂಳನ್ನು ಮೃದು ಬ್ರಷ್ ಮತ್ತು ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಿರಿ, ರೆಕ್ಕೆಗಳ ನೇರಕ್ಕೇ ಉಜ್ಜಬೇಕು, ತಂತಿಬ್ರಷ್ ಮುಟ್ಟಬೇಡಿ. ಮೇಲಿನ ಜಾಲರಿ ಮತ್ತು ಡ್ರೈನ್ ಪೈಪಿನ ಸರದಿ ಮೂರು ತಿಂಗಳಿಗೊಮ್ಮೆ ಬಂದರೆ ಸಾಕು. ವರ್ಷಕ್ಕೊಮ್ಮೆ ತರಬೇತಾದ ತಂತ್ರಜ್ಞರು ವಿದ್ಯುತ್ ಜೋಡಣೆ, ಫ್ಯಾನು, ಸೆನ್ಸರ್, ಸೋರಿಕೆ ಎಲ್ಲವನ್ನೂ ನೋಡಲಿ.

ಸದ್ಯಕ್ಕೆ ಹೀಗೆ ಮಾಡಿ. ಸಾಮಾನನ್ನೆಲ್ಲ ಬೇರೆ ಫ್ರಿಜ್‌ಗೆ ಸಾಗಿಸಿ, ಒಂದು ರಾತ್ರಿಯಿಡೀ ಕೇಸನ್ನು ನಿಲ್ಲಿಸಿ, ಅಡಿಯ ಜಾಲರಿ ತೆಗೆದಿಟ್ಟು ಮಂಜುಗಡ್ಡೆ ಪೂರ್ತಿ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್‌ಗಳಿಂದ ಕೆರೆಯಬೇಡಿ, ಒಂದು ತಪ್ಪು ಏಟಿಗೆ ಕೊಳವೆ ತೂತಾಗುತ್ತದೆ. ಬೆಳಿಗ್ಗೆ ತೊಳೆದು, ಸಮತಟ್ಟು ಮಾಡಿ, ಗಾಳಿಯ ಅಡ್ಡಿಗಳನ್ನು ನಿವಾರಿಸಿ, ಖಾಲಿಯಾಗಿಯೇ ಆರೇಳು ಗಂಟೆ ನಡೆಸಿ, ಅನಂತರ ತಣ್ಣಗಿರುವ ಸಾಮಾನನ್ನಷ್ಟೇ ತುಂಬಿಸಿ. ಒಂದು ವಾರ ಬಾಟಲಿಯ ತಾಪ 5ರ ಒಳಗೇ ನಿಂತರೆ ಗ್ಯಾಸಿನ ಮಾತು ಬೇಡ. ಮೂರನೇ ದಿನ ಮತ್ತೆ ಏರಿದರೆ ಕಾಯಿಲ್ ನೋಡಿ: ಇಡೀ ಮೈಗೆ ಹಿಮ ಕಟ್ಟಿದ್ದರೆ ಡಿಫ್ರಾಸ್ಟ್ ಅಥವಾ ಫ್ಯಾನಿನ ದೋಷ, ಒಂದೇ ತುದಿಯಲ್ಲಿ ಮಾತ್ರ ಹಿಮವಿದ್ದು ಎಲ್ಲ ಶೆಲ್ಫ್‌ಗಳೂ ಬೆಚ್ಚಗಾಗಿದ್ದರೆ ಮಾತ್ರ ಸೋರಿಕೆ ಹುಡುಕಿಸಿ, ತೂಗಿ ತುಂಬಿಸಿ. ಆ ವಾರದ ಹಾಳೆಯನ್ನೂ ಕಾಯಿಲ್‌ನ ಒಂದು ಫೋಟೋವನ್ನೂ ಮೆಕ್ಯಾನಿಕ್‌ರ ಕೈಗೆ ಕೊಟ್ಟು ಕೆಲಸ ಶುರುಮಾಡಿಸಿ.